ಮಾರಿಕಣಿವೆ ನಾಲೆ ಏರಿ ಮೇಲೆ ಸೈಕಲ್ಲು

ಶಿರಾದಿಂದ ಹಿರಿಯೂರಿಗೆ ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ಲಾರಿ ಗಾಳಿಗೆ ಸೈಕಲ್ ಹ್ಯಾಂಡಲ್ಲೇ ಅಲ್ಲಾಡುತ್ತೆ. ವಾಣಿವಿಲಾಸ ಸಾಗರದ ನಾಲೆ ಏರಿ ಹಿಡಿದ ಮೇಲೇ ನನಗೂ ಪಾವಗಡದ ಗೆಳೆಯನಿಗೂ ನೆಮ್ಮದಿ.

ನಾಲೆ ಏರಿ ಮೇಲೆ ಸೈಕಲ್ ತುಳಿಯೋದು ಹಗುರ. ನಾಲೆ ನೀರಿಗೆ ಮೋಟಾರಿಲ್ಲ, ತಾನಾಗಿಯೇ ಹರಿಯಬೇಕು. ಹಾಗಾಗಿ ದಿಬ್ಬ ಸಿಕ್ಕಲ್ಲಿ ಸುತ್ತು ಹಾಕಿ, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ಸಾಗುತ್ತೆ. ಒಂದು ಕಡೆ ತೆಂಗು, ಅಡಿಕೆ. ಇನ್ನೊಂದು ಕಡೆ ನಮ್ಮೂರಿನಂಥದೇ ಜಾಲಿ.

1876-78ರ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಆ ಭಯ ಇನ್ನೂ ಆರದ ಕಾಲದಲ್ಲೇ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1898ರಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಕಟ್ಟೆಯ ಕೆಲಸ ಶುರುವಾಯಿತು. ಮುಗಿದದ್ದು 1907ಕ್ಕೆ. ಕೆಲಸ ಶುರುವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಇಟ್ಟರು. ಹಿಡಿಯುವ ನೀರು 30 ಟಿಎಂಸಿ. ಆದರೆ ಕೋಡಿ ಬಿದ್ದದ್ದು 1933ರಲ್ಲಿ ಒಮ್ಮೆ. ಮತ್ತೆ ಬೀಳೋಕೆ 2022 ಬರಬೇಕಾಯಿತು. 89 ವರ್ಷ! 2025ರಲ್ಲಿ ಮೂರನೇ ಸಲ. ನಡುವೆ ಮಳೆ ಕೈಕೊಟ್ಟಾಗ ನಾಲೆ ಕೆಳಗಿನ ತೆಂಗೂ ಒಣಗಿತ್ತು.

"ಇಷ್ಟು ಹತ್ತಿರ ಇದ್ರೂ ಈ ನೀರು ನಮ್ ಕಡೆ ಯಾಕೆ ಬರ್ಲಿಲ್ಲ?" ಅಂದ ಗೆಳೆಯ.

ಶಿರಾ, ಮಧುಗಿರಿ ಸೀಮೆ ಎತ್ತರದಲ್ಲಿದೆ. ನಾವು ನೀರು ಕಳಿಸೋರು. ಶಿರಾ ಕಡೆಯ ಸುವರ್ಣಮುಖಿ ಹಿರಿಯೂರು ತಾಲ್ಲೂಕಿನ ಕೂಡ್ಲಹಳ್ಳಿಯಲ್ಲಿ ವೇದಾವತಿಗೆ ಸೇರುತ್ತೆ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಕೊರಟಗೆರೆ, ಮಧುಗಿರಿ ದಾಟಿ ಆಂಧ್ರದಲ್ಲಿ ಪೆನ್ನಾರಿನ ಪಾಲು.

ಹಾಗಂತ ನಮಗೆ ಕಾಲುವೆಯೇ ಇರಲಿಲ್ಲ ಅಂತಲ್ಲ. ತಲಪರಿಗೆ ಇತ್ತು. ಮರಳು ನೆಲದಲ್ಲಿ ಒರತೆ ಉಕ್ಕುವ ಜಾಗ ಗುರುತಿಸಿ, ಗುಂಡಿ ತೋಡಿ, ಅಲ್ಲಿಂದ ಹೊಲಗಳಿಗೆ ಸಣ್ಣ ಕಾಲುವೆ ಬಿಡುತ್ತಿದ್ದರು. ಊರವರೇ ಸೇರಿ ಹೂಳು ತೆಗೆಯೋರು, ಸರದಿ ಮೇಲೆ ನೀರು ಹಾಯಿಸೋರು. ಸರ್ಕಾರದ ಕಾಸಿಲ್ಲ, ಇಂಜಿನಿಯರ್ ಇಲ್ಲ. ಕೊಳವೆಬಾವಿ ಬಂದು, ಹೊಳೆಯ ಮರಳು ಲಾರಿ ಹತ್ತಿದ ಮೇಲೆ ಒರತೆ ಬತ್ತಿತು. ನನ್ನ ಪ್ರಕಾರ ಮಾರಿಕಣಿವೆ ನೀರು ಬರಲಿಲ್ಲ ಅನ್ನೋದಕ್ಕಿಂತ ದೊಡ್ಡ ನಷ್ಟ ಇದು.

ಈಗ ಶಿರಾ, ಪಾವಗಡಕ್ಕೆ ಭದ್ರಾ ಮೇಲ್ದಂಡೆ, ಕೊರಟಗೆರೆಗೆ ಎತ್ತಿನಹೊಳೆ ಅನ್ನುತ್ತಿದ್ದಾರೆ. ಬೈರಗೊಂಡ್ಲು ಬಳಿ ಜಲಾಶಯ ಅಂದಾಗ ಮುಳುಗಡೆ ಹಳ್ಳಿಗಳ ರೈತರು ತಿರುಗಿಬಿದ್ದರು. ನೀರು ಬೇಕು ಅನ್ನೋರೂ ನಮ್ಮವರೇ, ಹೊಲ ಬಿಡೆವು ಅನ್ನೋರೂ ನಮ್ಮವರೇ.

ವಾಪಸ್ ಬರುವಾಗ ಮಧುಗಿರಿ ಕಡೆಯ ಒಂದು ಹಳ್ಳದ ಬಳಿ ಸೈಕಲ್ ನಿಲ್ಲಿಸಿದೆವು. ಕುರಿ ಮೇಯಿಸುತ್ತಿದ್ದ ತಾತನನ್ನು "ಇಲ್ಲಿ ತಲಪರಿಗೆ ಇತ್ತಾ ತಾತ?" ಅಂತ ಕೇಳಿದೆ. ಕೋಲಿನಲ್ಲಿ ಜಾಲಿ ಪೊದೆ ತೋರಿಸಿದರು. "ಅಲ್ಲೇ ಕಣಪ್ಪ. ಗುರುವಾರ ನಮ್ಮಪ್ಪನ್ ಸರದಿ."