ಫ್ರೀಮೇಸನ್ ಲಾಡ್ಜ್: ಪ್ರವೇಶ, ಪದವಿಗಳು ಮತ್ತು ಧರ್ಮಸಭೆಯ ನಿಲುವು

ಮಂಗಳೂರಿನಿಂದ ಸೊಲ್ಲಾಪುರಕ್ಕೆ ಹೋಗುವ ಹಳೆಯ ರಾಷ್ಟ್ರೀಯ ಹೆದ್ದಾರಿ 13ರಲ್ಲಿ, ಹೊಸಪೇಟೆಗೆ ಸ್ವಲ್ಪ ಮೊದಲು ಸಿಗುವ ಊರು ಮರಿಯಮ್ಮನಹಳ್ಳಿ. ಅದಿರು ಲಾರಿಗಳು ಓಡಾಡಿದ ಈ ದಾರಿ ಹಿಡಿದು ಹೊಸಪೇಟೆ, ಸಂಡೂರು ಕಡೆ ದುಡಿಮೆಗೆಂದು ಹೋದ ಕರಾವಳಿಯವರೂ ಇದ್ದಾರೆ. ಪರಸ್ಥಳದಲ್ಲಿ ಪರಿಚಯವೇ ಬಂಡವಾಳ. ಹೀಗಿರುವಾಗ ಹಿತೈಷಿಯೊಬ್ಬರು 'ನಮ್ಮ ಲಾಡ್ಜಿಗೆ ಸೇರಿ, ದೊಡ್ಡವರ ಸ್ನೇಹವಾಗುತ್ತದೆ' ಎಂದು ಕರೆದರೆ ಏನು ಮಾಡಬೇಕು? ಉತ್ತರ ಕೊಡುವ ಮೊದಲು ವಿಷಯ ತಿಳಿದಿರಬೇಕು. ಆದ್ದರಿಂದ ಈ ಮಾಹಿತಿಯನ್ನು ಓದುಗರ ಮುಂದಿಡುತ್ತಿದ್ದೇವೆ.

ಹಿನ್ನೆಲೆ

ಇಲ್ಲಿ ಲಾಡ್ಜ್ ಎಂದರೆ ವಸತಿಗೃಹವಲ್ಲ, ಫ್ರೀಮೇಸನ್ನರ ಸ್ಥಳೀಯ ಘಟಕ. ಕಲ್ಲುಕುಟಿಗರ ಹಳೆಯ ಸಂಘಗಳ ಪದ್ಧತಿ, ಉಪಕರಣಗಳನ್ನು ಸಂಕೇತಗಳಾಗಿ ಬಳಸಿಕೊಂಡು 1717ರಲ್ಲಿ ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ರಚನೆಯಾಯಿತು. 1730ರ ಹೊತ್ತಿಗೆ ಕಲ್ಕತ್ತದ ಫೋರ್ಟ್ ವಿಲಿಯಂಗೆ ಬಂದ ಈ ಸಂಘಟನೆ ಬ್ರಿಟಿಷ್ ಸೈನಿಕರು ಮತ್ತು ಅಧಿಕಾರಿಗಳ ಮೂಲಕ ದೇಶದಲ್ಲಿ ಹರಡಿತು. 1961ರಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಬೆಂಗಳೂರು ಸೇರಿ ಕರ್ನಾಟಕದ ಲಾಡ್ಜ್‌ಗಳು ಚೆನ್ನೈ ಕೇಂದ್ರವಾಗಿರುವ ದಕ್ಷಿಣ ಪ್ರಾಂತೀಯ ವಿಭಾಗಕ್ಕೆ ಸೇರುತ್ತವೆ.

ಪ್ರವೇಶ ಹೇಗೆ?

ಅಭ್ಯರ್ಥಿ ವಯಸ್ಕ ಪುರುಷನಾಗಿರಬೇಕು ಮತ್ತು ಒಬ್ಬ ಪರಮಾತ್ಮನನ್ನು ನಂಬಬೇಕು. ಆ ಪರಮಾತ್ಮ ಯಾರು ಎಂದು ಕೇಳುವುದಿಲ್ಲ. ಸದಸ್ಯನೊಬ್ಬ ಹೆಸರು ಸೂಚಿಸಿ ಇನ್ನೊಬ್ಬ ಅನುಮೋದಿಸುತ್ತಾನೆ. ವಿಚಾರಣೆಯ ನಂತರ ಬಿಳಿ ಮತ್ತು ಕಪ್ಪು ಗುಂಡುಗಳಿಂದ ಗುಪ್ತ ಮತದಾನ ನಡೆಯುತ್ತದೆ.

ಒಪ್ಪಿಗೆ ಸಿಕ್ಕವನಿಗೆ ಕಣ್ಣು ಕಟ್ಟಿ, ಕೊರಳಿಗೆ ಹಗ್ಗ ಹಾಕಿ ಒಳಗೆ ಕರೆದೊಯ್ಯುತ್ತಾರೆ. ಅವನು ತನ್ನ ಧರ್ಮಗ್ರಂಥದ ಮೇಲೆ ಕೈಯಿಟ್ಟು, ಗುಟ್ಟು ಕಾಪಾಡುವುದಾಗಿ ಪ್ರತಿಜ್ಞೆ ಮಾಡುತ್ತಾನೆ. ಪ್ರತಿಜ್ಞೆ ಮುಗಿದ ಮೇಲೆಯೇ ಕಣ್ಣಪಟ್ಟಿ ಬಿಚ್ಚುತ್ತಾರೆ, ಗುಟ್ಟಿನ ಚಿಹ್ನೆ ಹಾಗೂ ಪದಗಳನ್ನು ತಿಳಿಸುತ್ತಾರೆ. ಗುಟ್ಟು ಬಯಲು ಮಾಡಿದವನಿಗೆ ಒದಗುವ ಘೋರ ಶಿಕ್ಷೆಗಳ ಮಾತು ಹಿಂದೆ ಪ್ರತಿಜ್ಞೆಯಲ್ಲಿತ್ತು. 1986ರಲ್ಲಿ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಅದನ್ನು ಪ್ರತಿಜ್ಞೆಯಿಂದ ಕೈಬಿಟ್ಟಿತು.

ಮೇಲೇರುವ ಮೆಟ್ಟಿಲುಗಳು

ಮುಖ್ಯ ಪದವಿಗಳು ಮೂರು.

1. ಎಂಟರ್ಡ್ ಅಪ್ರೆಂಟಿಸ್: ಕಲಿಯಲು ಬಂದ ಹೊಸಬ.

2. ಫೆಲೋ ಕ್ರಾಫ್ಟ್: ಕೆಲಸ ಬಲ್ಲವನು.

3. ಮಾಸ್ಟರ್ ಮೇಸನ್: ಪೂರ್ಣ ಸದಸ್ಯ. ಈ ವಿಧಿಯಲ್ಲಿ, ಸೊಲೊಮೋನನ ದೇವಾಲಯದ ಶಿಲ್ಪಿ ಹಿರಾಮ್ ಗುಟ್ಟು ಬಿಟ್ಟುಕೊಡದೆ ಕೊಲೆಯಾದ ಕಥೆಯನ್ನು ಅಭಿನಯಿಸುತ್ತಾರೆ. ಸತ್ತು ಎದ್ದು ನಿಲ್ಲುವ ಪಾತ್ರ ಅಭ್ಯರ್ಥಿಯದೇ. ಅರಸುಗಳ ಮೊದಲನೆಯ ಗ್ರಂಥದ 7ನೇ ಅಧ್ಯಾಯದಲ್ಲಿ ಹಿರಾಮನ ಹೆಸರಿದೆ, ಕೊಲೆಯ ಕಥೆ ಬೈಬಲಿನಲ್ಲಿ ಎಲ್ಲೂ ಇಲ್ಲ.

ಒಂದೊಂದು ಪದವಿಗೂ ಪ್ರಶ್ನೋತ್ತರ ಬಾಯಿಪಾಠ ಒಪ್ಪಿಸಬೇಕು. ನಾಟಕಕ್ಕೆ ಹೆಸರಾದ ಮರಿಯಮ್ಮನಹಳ್ಳಿಯ ಕಲಾವಿದರು ಮಾತು ಕಂಠಪಾಠ ಮಾಡುವ ಹಾಗೆಯೇ ಇದು. ವ್ಯತ್ಯಾಸವೆಂದರೆ ಇಲ್ಲಿ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಮುಂದೆ ಡೀಕನ್, ವಾರ್ಡನ್ ಮೊದಲಾದ ಹುದ್ದೆಗಳನ್ನು ದಾಟಿ ಲಾಡ್ಜಿನ ಮುಖ್ಯಸ್ಥನಾಗಬಹುದು. ಜನ ಮಾತನಾಡುವ '33ನೇ ಪದವಿ' ಸ್ಕಾಟಿಷ್ ರೈಟ್ ಎಂಬ ಪ್ರತ್ಯೇಕ ಶಾಖೆಯದು.

ಧರ್ಮಸಭೆ ಏನು ಹೇಳುತ್ತದೆ?

1738ರಲ್ಲಿ ಪೋಪ್ 12ನೇ ಕ್ಲೆಮೆಂಟ್ ಮೊದಲ ಬಾರಿಗೆ ನಿಷೇಧ ಹೇರಿದರು. 1884ರಲ್ಲಿ ಪೋಪ್ 13ನೇ ಲಿಯೋ ಕಾರಣಗಳನ್ನು ವಿವರಿಸಿ ವಿಶ್ವಪತ್ರ ಬರೆದರು. 1917ರ ಕಾನೂನು ಸಂಹಿತೆಯಲ್ಲಿ ಸೇರಿದವರಿಗೆ ಬಹಿಷ್ಕಾರದ ಶಿಕ್ಷೆಯಿತ್ತು. 1983ರ ಹೊಸ ಸಂಹಿತೆಯಲ್ಲಿ ಫ್ರೀಮೇಸನ್ ಎಂಬ ಹೆಸರು ಇಲ್ಲದ್ದರಿಂದ 'ನಿಷೇಧ ಹೋಯಿತು' ಎಂದು ಹಲವರು ತಿಳಿದರು. ಇದು ತಪ್ಪು. 1983ರ ನವೆಂಬರ್ 26ರಂದು ವಿಶ್ವಾಸ ಬೋಧನಾ ಪೀಠದ ಪರವಾಗಿ ಕಾರ್ಡಿನಲ್ ರಾಟ್ಸಿಂಗರ್ ಸಹಿ ಮಾಡಿದ ಘೋಷಣೆ ಸ್ಪಷ್ಟವಾಗಿದೆ: ಸೇರಿದ ಕಥೋಲಿಕರು ಗಂಭೀರ ಪಾಪದ ಸ್ಥಿತಿಯಲ್ಲಿರುತ್ತಾರೆ, ಪರಮಪ್ರಸಾದ ಸ್ವೀಕರಿಸುವಂತಿಲ್ಲ. 2023ರ ನವೆಂಬರಿನಲ್ಲಿ ಫಿಲಿಪ್ಪೀನ್ಸಿನ ಧರ್ಮಾಧ್ಯಕ್ಷರೊಬ್ಬರಿಗೆ ಕೊಟ್ಟ ಉತ್ತರದಲ್ಲೂ ರೋಮ್ ಇದನ್ನೇ ದೃಢಪಡಿಸಿತು. ಪೋಪ್ ಫ್ರಾನ್ಸಿಸ್ ಅದಕ್ಕೆ ಸಮ್ಮತಿಯಿತ್ತಿದ್ದರು.

ಕಾರಣ ಸರಳ. ಸ್ನಾನದೀಕ್ಷೆಗೆ ಬರುವ ವಯಸ್ಕನಿಗೆ ಧರ್ಮಸಭೆ ಮೊದಲು ವಿಶ್ವಾಸವನ್ನು ಬೋಧಿಸುತ್ತದೆ, ಆಮೇಲೆ ವಚನ ಕೇಳುತ್ತದೆ. ಲಾಡ್ಜಿನಲ್ಲಿ ವಚನ ಮೊದಲು, ತಿಳಿವಳಿಕೆ ನಂತರ. ಏನೆಂದು ಅರಿಯದ ವಿಷಯಕ್ಕೆ ದೇವರ ಹೆಸರಿನಲ್ಲಿ ಆತ್ಮಸಾಕ್ಷಿಯನ್ನು ಒತ್ತೆಯಿಡಬಹುದೇ? ಜೊತೆಗೆ ಎಲ್ಲ ಧರ್ಮಗಳಿಗೂ ಮೇಲಾದ ಒಂದು ಸಾಮಾನ್ಯ ದೇವಕಲ್ಪನೆಯಲ್ಲಿ ಕ್ರಿಸ್ತರು ಹಲವರಲ್ಲಿ ಒಬ್ಬರಾಗಿಬಿಡುತ್ತಾರೆ.

ನೆನಪಿಡಬೇಕಾದದ್ದು

• ರೋಟರಿ, ಲಯನ್ಸ್ ಸಂಸ್ಥೆಗಳು ಫ್ರೀಮೇಸನ್ ಲಾಡ್ಜ್‌ಗಳಲ್ಲ. ಅವುಗಳಲ್ಲಿ ಇಂಥ ಗುಪ್ತ ಪ್ರತಿಜ್ಞೆಯಿಲ್ಲ.

• ಮೇಸನ್ನರು ಸೈತಾನನನ್ನು ಪೂಜಿಸುತ್ತಾರೆಂಬ ಕಥೆಗಳನ್ನು ಹರಡಬೇಡಿ. ಫ್ರಾನ್ಸಿನ ಲಿಯೋ ಟಾಕ್ಸಿಲ್ ಅಂಥ ಕಥೆಗಳನ್ನು ಬರೆದು ಅನೇಕ ಕಥೋಲಿಕರನ್ನು ನಂಬಿಸಿ, 1897ರಲ್ಲಿ ಎಲ್ಲವೂ ಕಟ್ಟುಕಥೆ ಎಂದು ತಾನೇ ಒಪ್ಪಿಕೊಂಡ. ಮೇಸನ್ನರು ದಾನಧರ್ಮಗಳನ್ನೂ ಮಾಡುತ್ತಾರೆ. ಕೊಯಮತ್ತೂರಿನ ಮಕ್ಕಳ ಆಸ್ಪತ್ರೆ ಅದಕ್ಕೆ ಸಾಕ್ಷಿ.

• 'ಇಲ್ಯುಮಿನಾಟಿ ಸೇರಿ, ಶ್ರೀಮಂತರಾಗಿ' ಎಂದು ಮೊಬೈಲಿಗೆ ಬರುವ ಸಂದೇಶಗಳು ಹಣ ಕೀಳುವ ವಂಚನೆ. 1776ರಲ್ಲಿ ಬವೇರಿಯದಲ್ಲಿ ಹುಟ್ಟಿದ ಆ ಸಂಘ ಸರಕಾರದ ನಿಷೇಧದಿಂದ ಸುಮಾರು 1785ಕ್ಕೇ ಮುಗಿದಿತ್ತು.

• ಈಗಾಗಲೇ ಸೇರಿದವರು ಹೆದರಬೇಕಿಲ್ಲ. ಸದಸ್ಯತ್ವಕ್ಕೆ ರಾಜೀನಾಮೆ ನೀಡಬಹುದು. ತಮ್ಮ ಧರ್ಮಕೇಂದ್ರದ ಗುರುಗಳನ್ನು ಕಂಡು ಮಾತನಾಡಲಿ, ಪಾಪನಿವೇದನೆಯ ಬಾಗಿಲು ತೆರೆದೇ ಇದೆ.

ಧರ್ಮಕೇಂದ್ರಗಳ ಕಾರ್ಯಕರ್ತರಲ್ಲಿ ಒಂದು ವಿನಂತಿ. ಹೊಸದಾಗಿ ಊರಿಗೆ ಬಂದ ಕುಟುಂಬವನ್ನು ಮೊದಲ ಭಾನುವಾರವೇ ಮಾತನಾಡಿಸಿರಿ. ನಾವು ಕೈಚಾಚದಿದ್ದಲ್ಲಿ ಬೇರೆಯವರು ಚಾಚುತ್ತಾರೆ.