ಮೊಳಕೆ ರಾಗಿಯ ಚರಟ ಮತ್ತು ಕೋಡಿಯ ಮಠದ ಶಾಸನ

ಕಳೆದ ಬೇಸಿಗೆಯಲ್ಲಿ ತಂಗಿಯ ಮಗಳು ದೂರವಾಣಿಯಲ್ಲಿ ಕೇಳಿದಳು: "ಮಾವ, ಮೊಳಕೆ ರಾಗಿ ರುಬ್ಬಿ ಅಂಬಲಿಗೆ ಹಾಲು ಸೋಸಿದ್ದೇನೆ. ಬಟ್ಟೆಯಲ್ಲಿ ಉಳಿದ ಚರಟವನ್ನು ಎಸೆಯುವುದೇ?" ಎಸೆಯಬೇಡ ಎಂದೆ. ಏಕೆಂದು ಹೇಳಲು ಹೊರಟರೆ ಹಳೆಯದೊಂದು ತಪ್ಪನ್ನೂ ಹೇಳಬೇಕಾಗುತ್ತದೆ. ಅದಕ್ಕಾಗಿ ಈ ಬರಹ.

ಸೊರಬದ ಕಡೆ ಭತ್ತವೇ ಪ್ರಧಾನ. ಶಿಕಾರಿಪುರದ ಪೂರ್ವದ ಬೆದ್ದಲು ಹೊಲಗಳಲ್ಲಿ ರಾಗಿಗೂ ಸ್ಥಾನವಿತ್ತು. ನನ್ನ ಅಜ್ಜಿ ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದರು. ಅದನ್ನು ರುಬ್ಬಿ, ಸೋಸಿ, ಹಾಲನ್ನು ಕಾಯಿಸಿ, ಆರಿದ ಮೇಲೆ ಮಡಕೆಯಲ್ಲಿ ಹುಳಿಯಲು ಬಿಡುತ್ತಿದ್ದರು. ಬೆಳಿಗ್ಗೆ ಮಜ್ಜಿಗೆ, ಉಪ್ಪು ಬೆರೆತರೆ ಅಂಬಲಿ ಸಿದ್ಧ. ಚರಟಕ್ಕೆ ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸು ಸೇರಿಸಿ ರೊಟ್ಟಿ ತಟ್ಟುತ್ತಿದ್ದರು. ಮಿಕ್ಕಿದ್ದು ಕಲಗಚ್ಚಿನೊಡನೆ ಕೊಟ್ಟಿಗೆಗೆ ಹೋಗುತ್ತಿತ್ತು. ಏನೂ ವ್ಯರ್ಥವಾಗುತ್ತಿರಲಿಲ್ಲ.

ಇದು ನಮ್ಮೊಬ್ಬರ ಜಾಣತನವಲ್ಲ. ರಾಗಿಯ ತವರು ಪೂರ್ವ ಆಫ್ರಿಕ. ಅಲ್ಲಿಯೂ ಮೊಳಕೆ ರಾಗಿಯಿಂದ ಪಾನೀಯ ಮಾಡುತ್ತಾರೆ. ನೇಪಾಳ, ಸಿಕ್ಕಿಂಗಳಲ್ಲಿ ಹುದುಗಿಸಿದ ರಾಗಿಗೆ ಬಿಸಿನೀರೆರೆದು ನಳಿಗೆಯಿಂದ ಹೀರುವ 'ತೋಂಗ್ಬಾ' ಪ್ರಸಿದ್ಧ; ಸತ್ತ್ವ ಇಳಿದ ಕಾಳು ಜಾನುವಾರುಗಳ ಪಾಲು. ಬಿಯರ್ ಕಾರ್ಖಾನೆಗಳ ಬಾರ್ಲಿ ಚರಟವೂ ಲೋಕದಾದ್ಯಂತ ಪಶು ಆಹಾರವಾಗುತ್ತಿದೆ. ಕಾಳು ಮೊಳೆಯುವಾಗ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುತ್ತದೆ. ಅದು ಹಾಲಿನೊಡನೆ ಇಳಿದುಹೋದರೂ ನಾರು ಮತ್ತು ಒಂದಿಷ್ಟು ಸಸಾರಜನಕ ಚರಟದಲ್ಲಿ ಉಳಿಯುತ್ತವೆ.

ಇನ್ನು ತಪ್ಪಿನ ಮಾತು. 1987ರಲ್ಲಿ ಒಂಬತ್ತನೆಯ ತರಗತಿಗೆ ಬಳ್ಳಿಗಾವಿಯ ಪಾಠ ಮಾಡುತ್ತಿದ್ದೆ. ಅಲ್ಲಿನ ಕೋಡಿಯ ಮಠದ 1162ರ ಶಾಸನದಲ್ಲಿ ವೇದ, ವ್ಯಾಕರಣ, ದರ್ಶನಗಳ ಅಧ್ಯಯನದ ಜೊತೆಗೆ ದೀನರಿಗೆ, ಅನಾಥರಿಗೆ, ಕುರುಡರಿಗೆ, ಕುಂಟರಿಗೆ ಅನ್ನ, ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿದ್ದುದರ ಉಲ್ಲೇಖವಿದೆ. ಅದನ್ನು ಅಭಿಮಾನದಿಂದ ವಿವರಿಸುತ್ತಿದ್ದಾಗ ಹಿಂದಿನ ಸಾಲಿನಿಂದ ಹುಳಿ ವಾಸನೆ ಬಂತು. ಒಬ್ಬ ಹುಡುಗನ ಬುತ್ತಿಯಲ್ಲಿ ಚರಟದ ರೊಟ್ಟಿಯಿತ್ತು. "ಏನೋ, ಹೆಂಡದಂಗಡಿಯಿಂದ ಬಂದೆಯಾ?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವನು ಬುತ್ತಿ ಮುಚ್ಚಿದ. ಆ ವಾರವೆಲ್ಲ ಮಧ್ಯಾಹ್ನ ಬಾವಿಯ ಬಳಿ ಒಬ್ಬನೇ ಕುಳಿತಿರುತ್ತಿದ್ದ.

ಅಜ್ಜಿಯ ಕೈಯಿಂದ ನಾನು ತಿಂದು ಬೆಳೆದ ರೊಟ್ಟಿಯೇ ಅದು. ಬಿ.ಎಡ್. ಪದವಿ, ಇಸ್ತ್ರಿ ಮಾಡಿದ ಅಂಗಿ, ಮೇಷ್ಟ್ರೆಂಬ ಗೌರವ ಸೇರಿ ಅದನ್ನು ಮರೆಸಿದ್ದವು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೌದೆ ಮಾರಿ ಬದುಕಿದ ಮೋಳಿಗೆಯ ಮಾರಯ್ಯನಿದ್ದ, ಹೆಂಡ ಮಾರುತ್ತಿದ್ದ ಹೆಂಡದ ಮಾರಯ್ಯನೂ ಇದ್ದ, ಇಬ್ಬರೂ ವಚನಕಾರರು. ಅಲ್ಲಮನು ಹುಟ್ಟಿದ ಬಳ್ಳಿಗಾವಿಯ ತಾಲ್ಲೂಕಿನಲ್ಲಿ ನಿಂತು, ಆ ಚರಿತ್ರೆಯನ್ನು ಬೋಧಿಸುವವನೇ ಒಬ್ಬ ಹುಡುಗನ ಅನ್ನವನ್ನು ಹಂಗಿಸಿದ್ದೆ. ಎಂಟು ಶತಮಾನಗಳ ಹಿಂದಿನ ಅನ್ನದಾನ ನನಗೆ ಕಂಡಿತ್ತು, ಎದುರಿಗಿದ್ದ ಬುತ್ತಿ ಕಾಣಲಿಲ್ಲ.

ಮುಂದಿನ ಸೋಮವಾರ ಅವನ ಪಕ್ಕದಲ್ಲಿ ಕುಳಿತು ಒಂದು ತುಂಡು ಕೇಳಿದೆ. ಕೊಟ್ಟ. ಕ್ಷಮೆ ಕೇಳುವ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಆ ವರ್ಷದ ಕೊನೆಗೆ ಅವನ ಮನೆಯವರು ಊರು ಬಿಟ್ಟರು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಮೊಳಕೆ ರಾಗಿಹಿಟ್ಟು ಈಗ ಅಂದದ ಪೊಟ್ಟಣಗಳಲ್ಲಿ ದೊರೆಯುತ್ತದೆ, ಅದನ್ನು ತಿನ್ನಲು ಯಾರೂ ನಾಚುವುದಿಲ್ಲ. ಸಂತೋಷವೇ. ಆದರೆ ಬೆಲೆ ಬಂದ ಮೇಲೆ ಗೌರವಿಸುವುದು ಸುಲಭ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಶಿಕ್ಷಕರು. ಮಕ್ಕಳ ಬುತ್ತಿಯ ಬಗ್ಗೆ ಹಾಸ್ಯ ಮಾಡಬೇಡಿ. ಆ ಹುಡುಗ, ಈಗ ಐವತ್ತರ ಗೃಹಸ್ಥ, ಇದನ್ನು ಓದಿದರೆ ಅಂದು ಹೇಳದ ಮಾತನ್ನು ಇಂದು ಹೇಳುತ್ತೇನೆ: ತಪ್ಪಾಯಿತಪ್ಪ, ಕ್ಷಮಿಸು.