ಮನೆಗೂ ವೇದಿಕೆಗೂ ಒಂದೇ ಗಿಟಾರ್: ಚಿಕ್ಕ ಅಕೌಸ್ಟಿಕ್-ಎಲೆಕ್ಟ್ರಿಕ್ ಕೊಳ್ಳುವ ಮುನ್ನ ಇವಿಷ್ಟು ತಿಳಿದಿರಲಿ

ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬೈ ಭಾಗದ ಕನ್ನಡಿಗರಿಗೆ ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಸಡಗರ. ಭಾವಗೀತೆ, ಜಾನಪದ ಗೀತೆಗಳಿಗೆ ಹಾರ್ಮೋನಿಯಂ, ತಬಲಾ ಜೊತೆ ಗಿಟಾರ್ ಕೂಡ ವೇದಿಕೆ ಏರುತ್ತದೆ. ಆದರೆ ಅದೇ ಗಿಟಾರನ್ನು ಉಳಿದ ದಿನಗಳಲ್ಲಿ ನುಡಿಸುವುದು ಫ್ಲ್ಯಾಟಿನ ಪುಟ್ಟ ಕೋಣೆಯಲ್ಲಿ. ಎರಡೂ ಕಡೆ ಸಲ್ಲುವ ಗಿಟಾರ್ ಯಾವುದು? ಅಂಗಡಿಯಲ್ಲಿ ಜೋರಾಗಿ ಕೇಳಿಸಿದ್ದನ್ನೇ ಕೊಂಡು ನಂತರ ಪರದಾಡುವವರು ಅನೇಕರು. ಸಾವಿರಾರು ರೂಪಾಯಿ ವೆಚ್ಚ ಮಾಡುವ ಮುನ್ನ ಗಮನಿಸಬೇಕಾದ ಅಂಶಗಳು ಇಲ್ಲಿವೆ.

ಚಿಕ್ಕದು ಎಂದರೆ ಎಷ್ಟು ಚಿಕ್ಕದು?

ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಮಾದರಿಯ ಹೆಸರು ಡ್ರೆಡ್‌ನಾಟ್. ಇದರ ಕೆಳಭಾಗದ ಅಗಲ ಸುಮಾರು 39.7 ಸೆಂ.ಮೀ. ಅಮೆರಿಕದ ಮಾರ್ಟಿನ್ ಕಂಪನಿ ರೂಢಿಗೆ ತಂದ ಅಳತೆಗಳ ಪ್ರಕಾರ '000' ಮಾದರಿ ಸುಮಾರು 38 ಸೆಂ.ಮೀ., '00' ಮಾದರಿ ಸುಮಾರು 36 ಸೆಂ.ಮೀ. ಅಗಲ ಇರುತ್ತದೆ. ಯಮಹಾದ ಎಫ್‌ಎಸ್‌ಎಕ್ಸ್ ಸರಣಿ, ಟೇಲರ್‌ನ ಜಿಎಸ್ ಮಿನಿ-ಇ ಕೂಡ ಚಿಕ್ಕ ಮೈಯ ಗಿಟಾರ್‌ಗಳೇ.

ತಂತಿಯ ಉದ್ದವೂ ಮುಖ್ಯ. ಡ್ರೆಡ್‌ನಾಟ್‌ನಲ್ಲಿ ಅದು ಸಾಮಾನ್ಯವಾಗಿ 25.4 ಇಂಚು, ಜಿಎಸ್ ಮಿನಿಯಲ್ಲಿ 23.5 ಇಂಚು. ಉದ್ದ ಕಡಿಮೆಯಾದಷ್ಟೂ ಅದೇ ಸ್ವರಕ್ಕೆ ತಂತಿಯ ಬಿಗಿ ಕಡಿಮೆ ಸಾಕು. ಹೀಗಾಗಿ ಕಲಿಯುವವರಿಗೆ, ಮಕ್ಕಳಿಗೆ, ಚಿಕ್ಕ ಕೈಯವರಿಗೆ ಬೆರಳು ನೋವು ಕಡಿಮೆ.

ವೇದಿಕೆಯಲ್ಲಿ ಲಾಭವೇನು?

ಥಾಣೆಯ ಗಡ್ಕರಿ ರಂಗಾಯತನ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣ್‌ನ ಆಚಾರ್ಯ ಅತ್ರೆ ರಂಗಮಂದಿರ, ವಾಶಿಯ ವಿಷ್ಣುದಾಸ್ ಭಾವೆ ನಾಟ್ಯಗೃಹದಂಥ ಸಭಾಂಗಣಗಳಲ್ಲಿ ಗಿಟಾರಿನ ದನಿ ಸ್ಪೀಕರ್ ಮೂಲಕವೇ ಹೋಗಬೇಕು. ಆಗ ಕಾಡುವ ಸಮಸ್ಯೆ ಫೀಡ್‌ಬ್ಯಾಕ್. ಸ್ಪೀಕರ್‌ನ ಶಬ್ದ ಗಿಟಾರಿನ ಮೇಲ್ಪದರಕ್ಕೆ ಬಡಿದು ಅದನ್ನು ಕಂಪಿಸುತ್ತದೆ; ಪಿಕಪ್ ಆ ಕಂಪನವನ್ನು ಮತ್ತೆ ಸ್ಪೀಕರ್‌ಗೆ ಕಳಿಸುತ್ತದೆ. ಹೀಗೆ ಸುತ್ತು ಹೊಡೆದ ಶಬ್ದ ಗುಂಯ್ ಎಂದು ಕೂಗತೊಡಗುತ್ತದೆ.

ದೊಡ್ಡ ಗಿಟಾರಿನ ಒಳಗಿನ ಗಾಳಿ ಸುಮಾರು 100 ಹರ್ಟ್ಜ್ ಆಸುಪಾಸಿನಲ್ಲಿ ಬಲವಾಗಿ ಅನುರಣಿಸುತ್ತದೆ. ಕೆಳಗಿನ ದಪ್ಪ ತಂತಿಯ ಜಿ ಸ್ವರ ಕೂಡ 98 ಹರ್ಟ್ಜ್‌ನಲ್ಲೇ ಇರುವುದರಿಂದ ಕೂಗು ಬೇಗ ಶುರುವಾಗುತ್ತದೆ. ಚಿಕ್ಕ ಮೈಯ ಗಿಟಾರಿನಲ್ಲಿ ಮಂದ್ರದ ಅಬ್ಬರ ಕಡಿಮೆ. ತಬಲಾದ ಡಗ್ಗಾ, ಹಾರ್ಮೋನಿಯಂ ಜೊತೆ ದನಿ ಕಲಸಿಹೋಗದೆ ಸ್ಪಷ್ಟವಾಗಿ ಕೇಳುವುದಕ್ಕೂ ಇದೇ ಕಾರಣ.

ಮನೆಯಲ್ಲಿ?

2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್. ಅಕೌಸ್ಟಿಕ್-ಎಲೆಕ್ಟ್ರಿಕ್ ಕೊಂಡರೆ ಹೆಡ್‌ಫೋನ್ ಹಾಕಿ ಸದ್ದಿಲ್ಲದೆ ನುಡಿಸಬಹುದು ಎಂಬುದು ತಪ್ಪು ಕಲ್ಪನೆ. ಕೇಬಲ್ ಹಾಕಿದರೂ ಹಾಕದಿದ್ದರೂ ಮರದ ಪೆಟ್ಟಿಗೆಯ ನಾದ ಹೊರಬಂದೇ ಬರುತ್ತದೆ. ಚಿಕ್ಕ ಗಿಟಾರನ್ನು ಬೆರಳಿನಿಂದ ನುಡಿಸಿದರೆ ಪಕ್ಕದ ಮನೆಯವರ ಕಿರಿಕಿರಿ ಕಡಿಮೆ. ತುಂಬಿದ ಲೋಕಲ್ ರೈಲಿನಲ್ಲಿ ಒಯ್ಯುವುದೂ ಸುಲಭ.

ಕಟ್‌ಅವೇ ಬೇಕೆ?

ಭಾವಗೀತೆಗೆ ಗಿಟಾರ್ ನುಡಿಸುವವರಿಗೆ ಇದು ಉಪಯುಕ್ತ. ಗಾಯಕ, ಗಾಯಕಿಯರ ಶ್ರುತಿ ಬೇರೆ ಬೇರೆ. ಶ್ರುತಿಗೆ ತಕ್ಕಂತೆ ಕೇಪೊವನ್ನು 4ನೇ ಅಥವಾ 5ನೇ ಫ್ರೆಟ್‌ಗೆ ಏರಿಸಿದಾಗ, ಮೇಲಿನ ಸ್ವರಗಳಿಗೆ ಕೈ ತಲುಪಲು ಗಿಟಾರಿನ ಒಂದು ಭುಜ ಕತ್ತರಿಸಿದಂತಿರುವ ಕಟ್‌ಅವೇ ನೆರವಾಗುತ್ತದೆ. ಬರೀ ಕಾರ್ಡ್ ನುಡಿಸುವವರಿಗೆ ಅದು ಅನಿವಾರ್ಯವಲ್ಲ.

ಪಿಕಪ್, ಬ್ಯಾಟರಿ ಬಗ್ಗೆ ಎಚ್ಚರ

ಬಹುತೇಕ ಗಿಟಾರ್‌ಗಳಲ್ಲಿ ಸ್ಯಾಡಲ್ ಕೆಳಗೆ ಪೀಜೋ ಪಿಕಪ್ ಇರುತ್ತದೆ. ಜೋರಾಗಿ ಬಾರಿಸಿದರೆ ಇದರ ದನಿ ತುಸು ಪ್ಲಾಸ್ಟಿಕ್‌ನಂತೆ ಕೇಳಿಸುತ್ತದೆ. ಹೀಗಾಗಿ ಪ್ರಿಆಂಪ್‌ನಲ್ಲಿ ಬಾಸ್, ಮಿಡ್, ಟ್ರೆಬಲ್ ನಿಯಂತ್ರಣ ಇರುವುದು ಒಳ್ಳೆಯದು. ಫೇಸ್ ಬಟನ್ ಇದ್ದರೆ ಫೀಡ್‌ಬ್ಯಾಕ್ ತಗ್ಗಿಸಲು ಸಹಾಯಕ. ಧ್ವನಿ ವ್ಯವಸ್ಥೆಯವರ ಬಳಿ ಡಿಐ ಬಾಕ್ಸ್ ಇದೆಯೇ ಎಂದು ಮೊದಲೇ ಕೇಳಿ. ಉದ್ದದ ಕೇಬಲ್‌ನಲ್ಲಿ ಬರುವ ಗೊರಗೊರ ಸದ್ದನ್ನು ಅದು ತಗ್ಗಿಸುತ್ತದೆ.

ಸಾಮಾನ್ಯವಾಗಿ ಕೇಬಲ್ ಸಿಕ್ಕಿಸಿದ ಕೂಡಲೇ ಪ್ರಿಆಂಪ್ ಆನ್ ಆಗುತ್ತದೆ. ನುಡಿಸಿದ ಮೇಲೆ ಕೇಬಲ್ ತೆಗೆಯದಿದ್ದರೆ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ಕಾರ್ಯಕ್ರಮಕ್ಕೆ ಹೊರಡುವಾಗ ಹೆಚ್ಚುವರಿ ಬ್ಯಾಟರಿ ಜೊತೆಗಿರಲಿ.

ಮಳೆಗಾಲದ ತೇವ

ಗಿಟಾರಿಗೆ ಹಿತವಾದ ಆರ್ದ್ರತೆ ಶೇ. 45ರಿಂದ 55. ಇಲ್ಲಿನ ಮಳೆಗಾಲದಲ್ಲಿ ಅದು ಶೇ. 80 ದಾಟುವುದು ಮಾಮೂಲು. ಮರ ಉಬ್ಬಿದರೆ ತಂತಿ ಮೇಲೇರಿ ನುಡಿಸಲು ಕಷ್ಟವಾಗುತ್ತದೆ. ಮೇಲ್ಪದರ ಅಖಂಡ ಮರದ್ದು, ಹಿಂಬದಿ ಮತ್ತು ಪಕ್ಕ ಪದರ ಅಂಟಿಸಿದ ಮರದ್ದು ಇರುವ ಗಿಟಾರ್ ಈ ಹವೆಗೆ ಒಳ್ಳೆಯ ರಾಜಿ. ನಾದವೂ ಚೆನ್ನ, ಬಾಳಿಕೆಯೂ ಇರುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ, ನುಡಿಸಿದ ಮೇಲೆ ತಂತಿ ಒರೆಸಿ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ

* ಮೊದಲು ಕೇಬಲ್ ಇಲ್ಲದೆ ನುಡಿಸಿ. ಮನೆಯಲ್ಲಿ ನಿತ್ಯ ಕೇಳುವುದು ಈ ದನಿಯನ್ನೇ.
* 12ನೇ ಫ್ರೆಟ್ ಮೇಲೆ ದಪ್ಪ ತಂತಿಯ ಎತ್ತರ 2ರಿಂದ 2.5 ಮಿ.ಮೀ. ಆಸುಪಾಸಿನಲ್ಲಿರಲಿ.
* 12ನೇ ಫ್ರೆಟ್ ಒತ್ತಿ ನುಡಿಸಿದ ಸ್ವರ ಮತ್ತು ಅಲ್ಲೇ ಹಾರ್ಮೋನಿಕ್ ಆಗಿ ನುಡಿಸಿದ ಸ್ವರ ಒಂದೇ ಆಗಿರಬೇಕು.
* ಬ್ರಿಡ್ಜ್ ಎದ್ದಿದೆಯೇ, ಅದರ ಹಿಂದಿನ ಮರ ಅತಿಯಾಗಿ ಉಬ್ಬಿದೆಯೇ ನೋಡಿ. ಹಳೆಯ ಗಿಟಾರ್ ಕೊಳ್ಳುವಾಗ ಇದು ಕಡ್ಡಾಯ.
* ಕೊನೆಗೆ ಕೇಬಲ್ ಹಾಕಿ ಆರೂ ತಂತಿಗಳ ದನಿ ಸಮವಾಗಿದೆಯೇ ಕೇಳಿ. ಒಂದು ತಂತಿ ಮಾತ್ರ ಕ್ಷೀಣವಾಗಿದ್ದರೆ ಪಿಕಪ್ ಸರಿಯಾಗಿ ಕೂತಿಲ್ಲ ಎಂದರ್ಥ.

ಪಿಕಪ್ ಇಲ್ಲದ ಒಳ್ಳೆಯ ಗಿಟಾರಿಗೆ ಮುಂದೆ ಪಿಕಪ್ ಹಾಕಿಸಬಹುದು. ಆದರೆ ನಾದವೇ ಚೆನ್ನಾಗಿಲ್ಲದ ಗಿಟಾರನ್ನು ಯಾವ ಪಿಕಪ್ ಕೂಡ ಸರಿಪಡಿಸದು. ಬಜೆಟ್ ಕಡಿಮೆ ಇದ್ದರೆ ಮೊದಲ ಆದ್ಯತೆ ಮರಕ್ಕೆ ಕೊಡಿ, ಎಲೆಕ್ಟ್ರಾನಿಕ್ಸ್ ನಂತರ ನೋಡಿಕೊಳ್ಳಬಹುದು.